ಖಾಲಿ ಬಂದ ಹರಿಗೋಲು

"ಟೀಚರಮ್ಮ, ನೂರು ಸಲ ಕೂಗಿದ್ರೆ ತೊಂಬತ್ತೇಳು ಸಲ ತಲುಪುತ್ತೆ. ಉಳಿದ ಮೂರು ಸಲ ಎಲ್ಲಿಗೆ ಹೋಗಿ ಸಾಯುತ್ತೆ?"

ಕೇಳಿದವನು ಮಂಟೇಶ. ಕೊಳ್ಳೇಗಾಲದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಕೇಳಿಸಿಕೊಂಡವರು ವನಮಾಲಮ್ಮ. ಹೈಸ್ಕೂಲಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವರು. ರಿಟೈರ್ ಆದಮೇಲೆ ಮನೆಯವರು ತೀರ್ಥಯಾತ್ರೆಗೆ ಟಿಕೆಟ್ ತೆಗೆಸಿಕೊಟ್ಟರೆ, ಅದನ್ನು ವಾಪಸ್ ಮಾಡಿ ಪ್ರೋಗ್ರಾಮ್ ಬರೆಯೋಕೆ ಕೂತವರು.

ಅವರು ಬರೆದ ಪ್ರೋಗ್ರಾಮಿನ ಹೆಸರು 'ಕೂಗು'. ಸಣ್ಣ ಊರಿನ ಆಸ್ಪತ್ರೆಯಲ್ಲಿ ಯಾರಿಗಾದರೂ ರಕ್ತ ಬೇಕಾದಾಗ ಒಂದು ಗುಂಡಿ ಒತ್ತಿದರೆ ಸಾಕು, ಆ ಗುಂಪಿನ ರಕ್ತ ಇರೋರ ಫೋನಿಗೆಲ್ಲ ಸುದ್ದಿ ಹೋಗುತ್ತೆ. ಇದಕ್ಕೆ ಯಜಮಾನ ಅಂತ ಯಾರೂ ಇಲ್ಲ. ಒಳಗಿನ ಬರಹ ಪೂರ್ತಿ ಎಲ್ಲರ ಮುಂದೆ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಬಹುದು. ತಿದ್ದಿದ್ದು ಸರಿ ಅನಿಸಿದರೆ ಟೀಚರಮ್ಮ ಸೇರಿಸ್ತಾರೆ. ಸಂಬಳ ಅಂದರೆ ಒಂದು ಲೋಟ ಕಾಫಿ. ಅದೂ ಸಕ್ಕರೆ ಕಮ್ಮಿ.

ಕೂಗು ಕೆಲಸ ಮಾಡೋ ರೀತಿ ಹೀಗೆ. ಸುದ್ದಿ ಕಳಿಸಿ ಉತ್ತರಕ್ಕೆ ಬಾಯಿಬಿಟ್ಟುಕೊಂಡು ಕಾಯಲ್ಲ. ಕಳಿಸ್ತು, ಬೇರೆ ಕೆಲಸ ನೋಡೋಕೆ ಹೋಯ್ತು. ಸುದ್ದಿಯನ್ನ ಫೋನುಗಳಿಗೆ ಮುಟ್ಟಿಸೋ ಕಂಪನಿಯ ಸರ್ವರಿನಿಂದ ಉತ್ತರ ಬಂದಾಗ ಎದ್ದು ಬಂದು ತಗೊಳುತ್ತೆ. ನೂರರಲ್ಲಿ ಮೂರು ಸಲ ಆ ಉತ್ತರ ಬರೋದೇ ಇಲ್ಲ. ನಡುವೆ ಎಲ್ಲೋ ಕನೆಕ್ಷನ್ ಕಡಿದು ಬೀಳುತ್ತೆ.

"ನಾನು ಎದುರಿಗೇ ಕೂತು ನೋಡಿದ್ರೆ ಸನ್ಯಾಸಿ ಥರ ಇರುತ್ತೆ ಟೀಚರಮ್ಮ. ಆ ಕಡೆ ತಿರುಗಿದ್ರೆ ಕಳ್ಳ. ತಪ್ಪು ನಮ್ದಲ್ಲ, ಆ ಸರ್ವರಿನೋರ್ದು. ಅವರನ್ನ ಯಾರು ಕೇಳ್ತಾರೆ? ಅದಕ್ಕೆ ನಾನೇ ಒಂದು ಔಷಧಿ ಮಾಡಿದೀನಿ. ಬಿದ್ದರೆ ತಾನೇ ಎದ್ದು ಮತ್ತೆ ಮೂರು ಸಲ ಕೂಗುತ್ತೆ. ಇವತ್ತೇ ಸೇರಿಸ್ಬಿಡಿ. ಸೋಮವಾರ ಹನ್ನೊಂದು ಹೊಸ ಆಸ್ಪತ್ರೆ ಸೇರ್ಕೋತವೆ."

"ಯಾಕೆ ಬೀಳುತ್ತೆ ಅಂತ ಗೊತ್ತಾಯ್ತಾ?"

"ಏಳುತ್ತಲ್ಲ, ಸಾಕಲ್ವಾ?"

ವನಮಾಲಮ್ಮ ಲ್ಯಾಪ್‌ಟಾಪ್ ಮುಚ್ಚಿದರು. ಮಂಟೇಶ ಗಡಿಯಾರ ನೋಡಿದ. ಅವರು ಲ್ಯಾಪ್‌ಟಾಪ್ ಮುಚ್ಚಿದರೆ ಕತೆ ಶುರು ಅಂತ ಅರ್ಥ. ಕತೆ ಶುರು ಅಂದರೆ ಅಂಗಡಿ ಬಾಗಿಲು ಇನ್ನು ಸಂಜೆಗೇ ಅಂತ ಅರ್ಥ.

"ಒಬ್ಬ ಕುಂಬಾರ ಇದ್ದ," ಅಂದರು.

ಕುಂಬಾರನ ಊರು ಹೊಳೆ ದಡದಲ್ಲಿತ್ತು. ಊರಲ್ಲಿ ಎಲ್ಲ ಕಸುಬಿನವರೂ ಇದ್ದರು, ಸೂಲಗಿತ್ತಿ ಒಬ್ಬಳಿರಲಿಲ್ಲ. ಅವಳಿದ್ದದ್ದು ಆಚೆ ದಡದಲ್ಲಿ. ಅವಳನ್ನು ಕರೆಯೋಕೆ ಮನೆಯವರೇ ಹೊಳೆ ದಾಟಿ ಹೋಗಬೇಕಿತ್ತು. ಎಲೆ ಅಡಿಕೆ ಕೈಗಿಟ್ಟು, ಬಾರವ್ವ ಅಂದರೇನೇ ಅವಳು ಹೊರಡೋದು. ಅದು ಅಲ್ಲಿಯ ಪದ್ಧತಿ.

ಕುಂಬಾರನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ಹಿಂದಿನ ವರ್ಷ ಅದೇ ಬೀದಿಯಲ್ಲಿ ಒಬ್ಬ ಬಸುರಿ ಹೆಂಗಸು ಹೆರಿಗೆಯಲ್ಲೇ ಹೋಗಿಬಿಟ್ಟಿದ್ದಳು. ಅವಳ ಗಂಡ ದೋಣಿಗೆ ಕೂಗಿದ್ದ. ದೋಣಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ. ಚಕ್ರದ ಮುಂದೆ ಕೂತಾಗೆಲ್ಲ ಕುಂಬಾರನಿಗೆ ಒಂದೇ ಯೋಚನೆ. ನಾನು ಕೂಗಿದ ದಿನ ಬರುತ್ತಾ?

ಆ ಹೊಳೆಗೆ ಇದ್ದದ್ದು ಒಂದೇ ಹರಿಗೋಲು. ಅದು ಯಾರಪ್ಪನ ಸೊತ್ತೂ ಅಲ್ಲ. ಬಿದಿರು ಒಬ್ಬ ಕೊಟ್ಟಿದ್ದ, ಚರ್ಮ ಇನ್ನೊಬ್ಬ ಕೊಟ್ಟಿದ್ದ, ಹೆಣೆದವನು ಮತ್ತೊಬ್ಬ. ತೂತು ಕಂಡವರು ತೇಪೆ ಹಾಕಬಹುದು. ಯಾರನ್ನೂ ಕೇಳಬೇಕಾಗಿರಲಿಲ್ಲ.

"ನಮ್ ಕೂಗು ಥರಾನೇ," ಅಂದ ಮಂಟೇಶ.

"ನೀನೇ ಹೇಳ್ತೀಯಾ, ನಾನು ಹೇಳ್ಲಾ?"

ಮಂಟೇಶ ಕಾಫಿ ಲೋಟಕ್ಕೆ ಬಾಯಿ ಹಾಕಿದ.

ಹರಿಗೋಲು ನಡೆಸೋಕೆ ಒಬ್ಬ ಅಂಬಿಗ. ಅವನ ಗುಡಿಸಲು ಆಚೆ ದಡದಲ್ಲಿ. ಈಚೆಯವರು ದಾಟಬೇಕಾದರೆ ನೀರಿನ ಅಂಚಿಗೆ ಬಂದು ಅವನನ್ನು ಕೂಗಬೇಕು. ಅವನು ಆಚೆಯಿಂದ 'ಓ' ಅಂತಾನೆ. ಅಷ್ಟಾದಮೇಲೆ ಕೂಗಿದವನು ದಡದಲ್ಲಿ ನಿಲ್ಲೋ ಹಾಗಿಲ್ಲ ಅಂತಲ್ಲ, ಯಾರೂ ನಿಲ್ಲುತ್ತಿರಲಿಲ್ಲ. ಮನೆಗೆ ಹೋಗಿ ತನ್ನ ಕೆಲಸ ನೋಡ್ತಿದ್ದ. ಅಂಬಿಗ ಉಣ್ತಿದ್ದರೆ ಉಂಡು, ಬಲೆ ಹೆಣೀತಿದ್ದರೆ ಅದನ್ನು ಮುಗಿಸಿ, ಹರಿಗೋಲು ತಗೊಂಡು ಈಚೆಗೆ ಬಂದು ಕೊಂಬು ಊದ್ತಿದ್ದ. ಕೊಂಬು ಕೇಳಿದ ಕೂಡಲೇ ಕೂಗಿದವನು ಓಡಿ ಬಂದು ಹತ್ತಬೇಕು. ಈ ಏರ್ಪಾಡಿನ ಬಗ್ಗೆ ಊರಿನವರಿಗೆ ಭಾರಿ ಜಂಬ. ಪಕ್ಕದ ಊರಿನವರು ಹೊಳೆ ದಡದಲ್ಲಿ ಕೊಕ್ಕರೆ ಥರ ನಿಂತಿರ್ತಾರೆ, ನಾವು ನೋಡಿ, ಅಷ್ಟು ಹೊತ್ತಿಗೆ ಅರ್ಧ ಗದ್ದೆ ಕಳೆ ಕಿತ್ತಿರ್ತೀವಿ ಅಂತಿದ್ದರು.

ನೂರಕ್ಕೆ ತೊಂಬತ್ತು ಪಾಲು ಇದು ಸಲೀಸಾಗಿ ನಡೀತಿತ್ತು. ಆದರೆ ಒಂದೊಂದು ಸಲ ಕೂಗಿದವನಿಗೆ 'ಓ' ಕೇಳಿಸಿತ್ತು, ಮನೆಗೆ ಹೋಗಿ ಕಾದಿದ್ದ, ಕೊಂಬು ಬರಲೇ ಇಲ್ಲ. ಸಂಜೆ ಹೋಗಿ ನೋಡಿದರೆ ಹರಿಗೋಲು ಆಚೆ ದಡದಲ್ಲಿ ಮಗುಚಿ ಹಾಕಿದೆ. ಅಂಬಿಗನನ್ನು ಕೇಳಿದರೆ ಅವನು ಮಾತಿನ ಮನುಷ್ಯನೇ ಅಲ್ಲ. ಹೊಳೆ ನೋಡ್ತಾ ಕೂತ್ಕೋತಿದ್ದ.

ಊರಿನವರು ಕೂತು ಯೋಚನೆ ಮಾಡಿದರು. ಒಬ್ಬ, ಹರಿಗೋಲು ಸೋರ್ತಿರಬೇಕು, ಅದಕ್ಕೇ ಅರ್ಧಕ್ಕೆ ವಾಪಸ್ ಹೋಗ್ತಾನೆ ಅಂದ. ಸರಿ, ಮನೆಗೊಂದು ಚರ್ಮದ ತುಂಡು ತಂದು ಮೆತ್ತಿದರು. ಹರಿಗೋಲು ಎಮ್ಮೆ ಥರ ಭಾರ ಆಯ್ತು. ಮೊದಲು ಎರಡು ಎಲೆ ಅಡಿಕೆ ಅಗಿಯೋ ಹೊತ್ತಲ್ಲಿ ದಾಟುತ್ತಿದ್ದದ್ದು ಈಗ ನಾಲ್ಕು ಹಿಡೀತು. ಕೊಂಬು ಬರದ ದಿನ ಇನ್ನೂ ಹೆಚ್ಚಾದವು.

ಇನ್ನೊಬ್ಬ, ಕೂಗು ಸಾಲದು ಅಂದ. ಊರಲ್ಲಿ ದೊಡ್ಡ ಗಂಟಲಿನವನೊಬ್ಬ ಇದ್ದ, ಅವನನ್ನು ಕೂಗೋಕೆ ಇಟ್ಟರು. ಅವನು ಕೂಗಿದರೆ ಆಚೆ ದಡದ ನಾಯಿಗಳೆಲ್ಲ ಉತ್ತರ ಕೊಟ್ಟವು. ಕೊಂಬಿನ ಕತೆ ಮಾತ್ರ ಹಳೇದೇ ಆಯ್ತು.

ಊರ ಗೌಡ ಬುದ್ಧಿವಂತ. ಒಂದು ಸಲ ಕೂಗಿದ್ರೆ ಆಗಲ್ಲ, ಎಲ್ಲರೂ ಮೂರು ಮೂರು ಸಲ ಕೂಗಿ ಅಂದ.

ಮಂಟೇಶ ಲೋಟ ಕೆಳಗಿಟ್ಟ.

"ಏನಾಯ್ತು?" ಅಂದ.

"ಏನಾಗುತ್ತೆ? ಮೊದಲನೇ ಕೂಗಿಗೆ ಬಂದು ಕರ್ಕೊಂಡು ಹೋದ. ಆಚೆ ಇಳಿಸಿ, ಎರಡನೇ ಕೂಗು ಇನ್ಯಾರದೋ ಅಂತ ಮತ್ತೆ ಬಂದ. ಯಾರೂ ಇಲ್ಲ. ಮೂರನೇದಕ್ಕೂ ಬಂದ. ಯಾರೂ ಇಲ್ಲ. ಬೆನ್ನು ಮುರೀತು. ಆಮೇಲೆ ಆಮೇಲೆ ಮೊದಲನೇ ಕೂಗಿಗೂ 'ಓ' ಅನ್ನೋಕೆ ಹಿಂದೆ ಮುಂದೆ ನೋಡಿದ."

ಮಂಟೇಶ ತನ್ನ ಔಷಧಿಯ ಬಗ್ಗೆ ಯೋಚನೆ ಮಾಡಿದ. ಅದರ ರುಚಿ ಈಗ ಸ್ವಲ್ಪ ಕಹಿ ಆಗಿತ್ತು. ಆದರೂ ಸುಮ್ಮನಿರೋ ಜಾತಿ ಅಲ್ಲ ಅವನು. "ಆ ಕುಂಬಾರ ಒಂದು ದಿನ ಅಲ್ಲೇ ಕೂತು ನೋಡಬಹುದಿತ್ತಲ್ಲ?" ಅಂದ.

ನೋಡಿದ. ಐದು ದಿನ ಚಕ್ರ ನಿಲ್ಲಿಸಿ ದಡದಲ್ಲೇ ಕೂತ. ಯಾರೇ ಕೂಗಿದರೂ ಅಂಬಿಗ ಬಂದ, ಕೊಂಬು ಊದಿದ. ಕುಂಬಾರ ಎದ್ದು ಊರೊಳಗೆ ಓಡಿ ಕೂಗಿದವನನ್ನು ಕರ್ಕೊಂಡು ಬಂದ. ಐದು ದಿನದಲ್ಲಿ ಒಂದು ಸಲಾನೂ ತಪ್ಪಲಿಲ್ಲ. ಆರನೇ ದಿನ ಮನೆಯಲ್ಲಿ ಕೆಲಸ ಇತ್ತು, ಹೋಗಲಿಲ್ಲ. ಅವತ್ತು ತಪ್ಪಿತು.

ಕುಂಬಾರ ಮಣ್ಣು ತುಳೀತಾ ತುಳೀತಾ ಯೋಚಿಸಿದ. ನಾನು ನೋಡ್ತಿರೋದು ಈ ದಡದಿಂದ. ಕೂಗು ಹೋಗಿ ಬೀಳೋದು ಆ ದಡದಲ್ಲಿ. ಅಲ್ಲಿ ಏನಾಗುತ್ತೆ ಅಂತ ಇಲ್ಲಿಯವರು ಒಬ್ಬರೂ ನೋಡಿಲ್ಲ.

ಮಾರನೇ ದಿನ ಹೆಂಡತಿಯನ್ನು ಅತ್ತೆಗೆ ಒಪ್ಪಿಸಿ, ಮಡಕೆ ಮಾರೋ ನೆಪ ಮಾಡಿ ಆಚೆಗೆ ದಾಟಿದ. ಅಂಬಿಗನ ಗುಡಿಸಲಿನ ಜಗಲಿಯಲ್ಲೇ ಮಡಕೆ ಜೋಡಿಸಿಕೊಂಡು ಕೂತ.

ಮೊದಲನೇ ದಿನ ಏನೂ ಆಗಲಿಲ್ಲ. ಎರಡನೇ ದಿನ ಬಿಸಿಲೇರಿದ ಮೇಲೆ ಈಚೆ ದಡದಿಂದ ಕೂಗು ಬಂತು. ಅಂಬಿಗ 'ಓ' ಅಂದ. ಹರಿಗೋಲು ಇಳಿಸಿದ. ಆ ಭಾರದ ತೇಪೆಗಳನ್ನೆಲ್ಲ ಹೊತ್ತು, ಬುಗುರಿ ಥರ ತಿರುಗ್ತಾ ತಿರುಗ್ತಾ ದಾಟಿದ. ಕೊಂಬು ಊದಿದ. ನಿಂತ. ಮತ್ತೆ ಊದಿದ. ಒಂದು ಎಲೆ ಅಡಿಕೆ ಅಗಿದು ಉಗಿದ. ಯಾರೂ ಬರಲಿಲ್ಲ. ಒಬ್ಬನೇ ವಾಪಸ್ ಬಂದ.

"ಯಾಕಣ್ಣ, ಯಾರೂ ಬರ್ನಿಲ್ವಾ?" ಅಂದ ಕುಂಬಾರ.

"ಎಲ್ಲಿಗೆ?"

"ಆಚೆಗೆ ಹೋಗಿದ್ಯಲ್ಲ ಈಗ."

"ನಾನಾ? ನಾನೆಲ್ಲೂ ಹೋಗಿಲ್ಲ."

"ಹುಟ್ಟಿಂದ ನೀರು ತೊಟ್ಟಿಕ್ತಾ ಅದಲ್ಲಣ್ಣ."

"ತೊಳ್ದೆ."

ಕುಂಬಾರ ಮುಂದೆ ಕೇಳಲಿಲ್ಲ. ಕೇಳಿದರೆ ಈ ಮನುಷ್ಯ ಹೊಳೆಯೇ ಇಲ್ಲ ಅಂದುಬಿಡ್ತಾನೆ ಅಂತ ಅವನಿಗೆ ಅರ್ಥ ಆಗಿತ್ತು. ಒಲೆಗೆ ಸೌದೆ ಒಟ್ಟಿಕೊಟ್ಟ. ಮುದ್ದೆ ತಿರುವಿಕೊಟ್ಟ. ಉಂಡಮೇಲೆ ತಾನಾಗೇ ಒಂದು ಮಾತು ಹೇಳಿದ.

"ಹೋದ ತಿಂಗಳು ಮಡಕೆ ಸುಡೋ ನನ್ ಆವಿಗೆ ಪೂರ್ತಿ ಒಡೆದೋಯ್ತು ಕಣಣ್ಣ. ಒಂದು ಮಡಕೆ ಉಳಿಲಿಲ್ಲ. ಬೆಂಕಿ ಅವಸರ ಮಾಡ್ಬಿಟ್ಟೆ. ಹೆಂಡ್ತಿಗೂ ಹೇಳಿಲ್ಲ. ಚೂರೆಲ್ಲ ಹಿತ್ತಲಲ್ಲಿ ಹೂತಿವ್ನಿ."

ಅಂಬಿಗ ಅವನ ಮುಖವನ್ನೇ ನೋಡಿದ.

"ಹದಿನೇಳು ಸಲ," ಅಂದ.

"ಏನಣ್ಣ?"

"ಹದಿನೇಳು ಸಲ ಖಾಲಿ ಬಂದಿವ್ನಿ."

ಆಮೇಲೆ ಮಾತು ತಾನಾಗೇ ಬಂತು. ಮೊದಲನೇ ಸಲ ಖಾಲಿ ಬಂದಾಗ ಅಂಬಿಗ ಊರಿಗೇ ಹೋಗಿ ಹೇಳಿದ್ದನಂತೆ. ಬಂದಿದ್ದೆ, ಊದಿದೆ, ಯಾರೂ ಇರಲಿಲ್ಲ ಅಂತ. ಗೌಡ ನಕ್ಕು, "ಹಂಗಾರೆ ಗಾಳಿ ಸಾಗಿಸ್ಕೊಂಡು ಹೋದ್ಯಾ?" ಅಂದನಂತೆ. ಅಲ್ಲಿಂದ ಅವನ ಹೆಸರು ಗಾಳಿ ಅಂಬಿಗ ಆಯ್ತು. ಬಟ್ಟೆ ಒಗೆಯೋ ಹೆಂಗಸರು ಅಂದರು. ಹರಿಗೋಲು ಹತ್ತಿದವರು ಅಂದರು. ಕೊನೆಗೆ ಸ್ವಂತ ಅಳಿಯ ಹಬ್ಬದ ಊಟಕ್ಕೆ ಕೂತು, "ಗಾಳಿ ಮಾವ, ತುಪ್ಪ ಹಾಕಿ" ಅಂದನಂತೆ.

"ಅವತ್ತಿಂದ ಖಾಲಿ ಬಂದ್ರೆ ಹೋಗೇ ಇಲ್ಲ ಅಂತೀನಿ," ಅಂದ ಅಂಬಿಗ. "ಮರ್ಯಾದೆ ಉಳೀತದೆ."

"ನೀನು ಅಲ್ಲಿ ನಿಂತಾಗ ಏನಾದ್ರೂ ಕೇಳಿಸ್ತದಾ ಅಣ್ಣ?"

"ಜನ ಇಲ್ಲ, ಜಾನುವಾರು ಇಲ್ಲ. ಊರೊಳಗಿಂದ ಕಿರ್ರೋ ಅಂತ ಒಂದು ಸದ್ದು. ನನ್ ಕೊಂಬು ಊರೊಳಕ್ಕೆ ಹೋಯ್ತದೋ ಇಲ್ವೋ. ಬೇರೆ ದಿನ ಆ ಸದ್ದು ಇರಲ್ಲ, ಜನ ಓಡ್ಬತ್ತಾರೆ."

ಕುಂಬಾರ ಎದ್ದು ನಿಂತ. ಅದು ಗಾಣದ ಸದ್ದು. ಊರಿನ ಎಣ್ಣೆ ಗಾಣ ಅವನ ಮನೆಯ ಪಕ್ಕದಲ್ಲೇ ಇತ್ತು. ಎಳ್ಳು ಬಂದ ದಿನ ಓಡುತ್ತೆ, ಇಲ್ಲದ ದಿನ ಇಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ಊರಿನವರಿಗೆ ಅದು ಸದ್ದು ಅನ್ನೋದೇ ಮರೆತುಹೋಗಿತ್ತು. ಗಾಣ ಓಡೋ ದಿನ ಯಾವುದು ಅಂತ ಊರಿನವರಿಗೆ ಗೊತ್ತಿತ್ತು. ಖಾಲಿ ಬಂದ ದಿನ ಯಾವುದು ಅಂತ ಅಂಬಿಗನಿಗೆ ಗೊತ್ತಿತ್ತು. ನಡುವೆ ಹೊಳೆ ಇತ್ತು.

"ನಾನು ಹೇಳ್ದೆ ಅಂತ ಊರಲ್ಲಿ ಹೇಳ್ಬ್ಯಾಡ," ಅಂದ ಅಂಬಿಗ.

"ನನ್ ಹೆಂಡ್ತಿ ಹೊಟ್ಟೇಲಿರೋ ಕೂಸಿನಾಣೆ," ಅಂದ ಕುಂಬಾರ.

"ಹೇಳಿಬಿಟ್ನಾ?" ಅಂದ ಮಂಟೇಶ.

ವನಮಾಲಮ್ಮ ಅವನ ಕಡೆ ನೋಡಿದರು. "ಮೂರು ತಿಂಗಳಿಂದ ಯಾರಿಗೂ ಸಿಗದ ತಪ್ಪು ನಿನಗೆ ಸಿಕ್ತು ಅನ್ಕೋ. ಬಾಯಿ ಮುಚ್ಕೊಂಡಿರ್ತೀಯಾ?"

ಮಂಟೇಶ ಪ್ರಾಮಾಣಿಕ. "ಇಲ್ಲ," ಅಂದ. "ಊರಿಗೆಲ್ಲ ಸ್ಟೇಟಸ್ ಹಾಕ್ತೀನಿ."

ಕುಂಬಾರನಿಗೂ ಹಾಗೇ ಆಯ್ತು. ಮಾರನೇ ಬೆಳಿಗ್ಗೆ ಅಂಬಿಗ ಅವನನ್ನು ಈಚೆಗೆ ತಂದು ಇಳಿಸಿದ. ದಡದಲ್ಲಿ ಗೌಡ ಇದ್ದ, ಗಾಣಿಗ ಇದ್ದ, ಇನ್ನೂ ಹತ್ತು ಜನ ಇದ್ದರು. ಏನಾಯ್ತೋ, ಸಿಕ್ತೇನೋ ಕಾಯಿಲೆ ಅಂದರು. ಕುಂಬಾರನಿಗೆ ಖುಷಿ ಗಂಟಲವರೆಗೂ ಬಂದಿತ್ತು. ಆಣೆ ಅದರ ಕೆಳಗೆ ಮುಳುಗಿಹೋಯ್ತು.

"ಸಿಕ್ತು! ಅಂಬಿಗ ಬತ್ತಾನೆ, ಕೊಂಬೂ ಊದ್ತಾನೆ. ಗಾಣದ ಸದ್ದಲ್ಲಿ ನಮಗೇ ಕೇಳ್ತಿಲ್ಲ. ಪಾಪ, ಹದಿನೇಳು ಸಲ ಖಾಲಿ ವಾಪಸ್ ಹೋಗವ್ನೆ!"

"ಹದಿನೇಳಾ?" ಅಂದ ಗೌಡ. "ಹಂಗಾರೆ ಅವ್ನು ಗಾಳಿ ಅಲ್ಲ ಕಣ್ರಲಾ, ಬಿರುಗಾಳಿ!"

ಹತ್ತು ಜನ ಹೊಟ್ಟೆ ಹಿಡ್ಕೊಂಡು ನಕ್ಕರು. ಕುಂಬಾರನೂ ನಕ್ಕ. ಅಂಬಿಗನನ್ನು ನೋಡಿ ನಕ್ಕಿದ್ದಲ್ಲ. ಭಾರ ಇಳಿದಿತ್ತು, ಎಲ್ಲರೂ ಅವನ ಮಾತು ಕೇಳ್ತಿದ್ದರು, ಅದಕ್ಕೆ ನಗು ಬಂತು. ಆದರೆ ನಗುವಿನ ಸದ್ದಿನಲ್ಲಿ ಅದೆಲ್ಲ ಇರಲ್ಲ.

ಹರಿಗೋಲು ಆಗಿನ್ನೂ ಹೊಳೆಯ ಅರ್ಧಕ್ಕೆ ಹೋಗಿತ್ತು. ಅವತ್ತು ಗಾಣ ಓಡ್ತಿರಲಿಲ್ಲ. ಹುಟ್ಟು ಒಂದು ಗಳಿಗೆ ನಿಂತಿದ್ದು ಕುಂಬಾರನಿಗೆ ಕಾಣಿಸಿತು. ಆಮೇಲೆ ಮತ್ತೆ ನೀರಿಗಿಳಿಯಿತು.

ಅವತ್ತೇ ಗಾಣಿಗ ಗಾಣಕ್ಕೆ ಎಣ್ಣೆ ಹಾಕಿದ. ಊರಿಗೆಲ್ಲ ಎಣ್ಣೆ ಹಿಂಡಿ ಕೊಡ್ತಿದ್ದ ಗಾಣ ಅಷ್ಟು ವರ್ಷದಲ್ಲಿ ತನಗೇ ಅಂತ ಒಂದು ತೊಟ್ಟು ಕಂಡಿರಲಿಲ್ಲ. ಕಿರ್ರೋ ನಿಂತುಹೋಯ್ತು. ಹರಿಗೋಲಿನ ತೇಪೆಗಳನ್ನೂ ಕಿತ್ತು ಹಗುರ ಮಾಡಿದರು. ಗೌಡ ಎಲ್ಲರ ಮುಂದೆ ಕುಂಬಾರನ ಬೆನ್ನು ತಟ್ಟಿದ. ಕಾಯಿಲೆ ವಾಸಿ ಆಯ್ತು ಅಂದರು.

ಒಂದು ವಾರ ಎಲ್ಲ ಸರಿಯಾಗಿತ್ತು. ಆಮೇಲೆ 'ಓ' ತಡವಾಗಿ ಬರೋಕೆ ಶುರುವಾಯ್ತು. ಆಮೇಲೆ ಒಂದೊಂದು ದಿನ ಬರಲೇ ಇಲ್ಲ. ಊರಿನವರು ಗಾಣದ ಹತ್ತಿರ ಹೋಗಿ ಕಿವಿ ಇಟ್ಟು ಕೇಳಿದರು. ಸದ್ದಿಲ್ಲ. ಹಾಗಾದರೆ ಇದು ಬೇರೆ ಕಾಯಿಲೆ ಇರಬೇಕು ಅಂದರು. ಕುಂಬಾರನಿಗೆ ಮಾತ್ರ ಅವತ್ತು ಅರ್ಧ ಹೊಳೆಯಲ್ಲಿ ನಿಂತ ಹುಟ್ಟು ನೆನಪಾಯ್ತು. ಮನೆಗೆ ಹೋಗಿ ಮಣ್ಣು ತುಳಿದ.

ಇಪ್ಪತ್ತನೇ ದಿನ, ಹೊತ್ತೇರೋ ಸಮಯಕ್ಕೆ ಅವನ ಹೆಂಡತಿಗೆ ನೋವು ಶುರುವಾಯ್ತು.

ಕುಂಬಾರ ದಡಕ್ಕೆ ಓಡಿದ. ಕೂಗಿದ. 'ಓ' ಬರಲಿಲ್ಲ.

ಮತ್ತೆ ಕೂಗಿದ. ಆಚೆ ದಡದಲ್ಲಿ ಗುಡಿಸಲು ಕಾಣ್ತಿತ್ತು. ಜಗಲಿ ಮೇಲೆ ಅಂಬಿಗ ಕೂತಿರೋದೂ ಕಾಣ್ತಿತ್ತು. 'ಓ' ಬರಲಿಲ್ಲ.

ಮನೆಯಿಂದ ಅತ್ತೆ ಓಡಿ ಬಂದಳು. "ಮಗು ಅಡ್ಡ ಇದ್ದಂಗದೆ ಕಣಪ್ಪ, ನಂಗೆ ಗೊತ್ತಾಗ್ತಿಲ್ಲ, ಬೇಗ ಕರ್ಸು" ಅಂದಳು. ಊರಿನವರು ಸೇರಿದರು. ಜೋರಾಗಿ ಕೂಗು ಅಂದರು. ದೊಡ್ಡ ಗಂಟಲಿನವನನ್ನು ಕರೆಸಿದರು. ಗೌಡ ಬಂದು, ಮೂರು ಸಲ ಕೂಗಿ ಅಂದ. ಮೂವತ್ತು ಸಲ ಕೂಗಿದರು. ಆಚೆಯ ನಾಯಿಗಳು ಬೊಗಳಿದವು. ಮನುಷ್ಯ ಅಲುಗಲಿಲ್ಲ.

"ಈಜಬಹುದಿತ್ತಲ್ಲ," ಅಂದ ಮಂಟೇಶ.

"ಸೆಳವು. ಹೋದೋರು ಯಾರೂ ವಾಪಸ್ ಬಂದಿರಲಿಲ್ಲ."

ಕುಂಬಾರ ಸೊಂಟದವರೆಗೆ ನೀರಿಗಿಳಿದ. ಹಿಂದೆ ತಿರುಗಿ ಊರಿನವರಿಗೆಲ್ಲ ಸುಮ್ನಿರಿ ಅಂತ ಕೈ ಮಾಡಿದ. ಎಲ್ಲರೂ ಬಾಯಿ ಮುಚ್ಚಿದರು. ಆಮೇಲೆ ಅವನು ಅಂಬಿಗನನ್ನು ಕರೆಯಲಿಲ್ಲ. ದೋಣಿ ಬೇಕು ಅನ್ನಲೂ ಇಲ್ಲ.

"ಅಣ್ಣಾ," ಅಂತ ಕೂಗಿದ. "ಅವತ್ತು ನಾನೂ ನಕ್ಕೆ."

ಹೊಳೆ ಹರೀತಿತ್ತು.

"ಆಣೆ ಇಟ್ಟು ತಪ್ಪಿದೆ. ಎಲ್ಲರೂ ನಗೋವಾಗ ನಾನೂ ನಕ್ಕೆ. ಇವರಿಗಿಂತ ನನ್ನದೇ ಹೆಚ್ಚು ತಪ್ಪು. ನಂಗೆ ಗೊತ್ತಿತ್ತು."

ಊರಿನವರು ನೆಲ ನೋಡಿದರು. ಗೌಡ ಹೆಗಲ ಮೇಲಿನ ಟವಲು ಸರಿಮಾಡಿಕೊಂಡ. ಜಗಲಿ ಮೇಲಿದ್ದ ಅಂಬಿಗ ಎದ್ದು ಒಳಗೆ ಹೋದ. ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಅತ್ತೆ ದಡದಲ್ಲೇ ಕುಕ್ಕರಿಸಿ ಅಳೋಕೆ ಶುರು ಮಾಡಿದಳು.

ವನಮಾಲಮ್ಮ ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಮಂಟೇಶ ಕುರ್ಚಿಯ ತುದಿಗೆ ಬಂದಿದ್ದ.

"ಬಂದ್ನಾ ಇಲ್ವಾ ಟೀಚರಮ್ಮ? ನೀರು ಆಮೇಲೆ ಕುಡೀರಿ!"

ಬಂದ. ಗುಡಿಸಲಿನ ಹಿಂದಿನಿಂದ ಹರಿಗೋಲು ಬಂತು. ಅದರಲ್ಲಿ ಇಬ್ಬರು ಕೂತಿದ್ದರು. ಒಳಗೆ ಹೋದವನು ಹಿಂಬಾಗಿಲಿಂದ ಹೊರಟು, ಸೂಲಗಿತ್ತಿ ಮನೆಗೆ ಓಡಿದ್ದ. ಎಲೆ ಅಡಿಕೆ ತನ್ನದೇ ಚೀಲದಿಂದ ತೆಗೆದು ಅವಳ ಕೈಗಿಟ್ಟಿದ್ದ. ದಡ ಮುಟ್ಟಿದಾಗ ಕುಂಬಾರ ಹರಿಗೋಲಿನ ಅಂಚು ಹಿಡಿದು ಸೂಲಗಿತ್ತಿಯನ್ನು ಇಳಿಸಿಕೊಂಡ. ಅಂಬಿಗನೇ ಮಾತಾಡಿದ.

"ನಿನ್ ಮೊದಲ್ನೇ ಕೂಗೇ ಕೇಳಿಸ್ತು ಕಣೋ. ಹೋದ್ರೆ ಯಾರೂ ಇರಲ್ಲ, ಹಂಗಂತ ಹೇಳಿದ್ರೆ ನಗ್ತಾರೆ. 'ಓ' ಅನ್ನದಿದ್ರೆ ಎರಡೂ ಇಲ್ವಲ್ಲ ಅಂತ ಕೂತಿದ್ದೆ."

ಹೆಣ್ಣು ಮಗು ಹುಟ್ಟಿತು. ತಡ ಆಗಿದ್ದಕ್ಕೆ ತಾಯಿ ಬಹಳ ನೊಂದಿದ್ದಳು. ಅವಳು ಎದ್ದು ಓಡಾಡೋಕೆ ಮೂರು ತಿಂಗಳು ಹಿಡೀತು. ಆದರೆ ಎದ್ದಳು.

"ಅಬ್ಬ," ಅಂದ ಮಂಟೇಶ. ಹಿಂದಕ್ಕೆ ಒರಗಿ ಕೂತ. ಕೂತ ಕೂಡಲೇ ಅವನ ತಲೆ ಓಡೋಕೆ ಶುರುವಾಯ್ತು. "ಅರ್ಥ ಆಯ್ತು ಟೀಚರಮ್ಮ. ಮೂರು ಸಲ ಕೂಗೋದು ಬೇಡ. ಆ ಸರ್ವರಿನೋರಿಗೆ ಇವತ್ತೇ ಬರೀತೀನಿ, ಅವರ ಕಡೆಯಿಂದ ಏನು ಕಾಣುತ್ತೆ ಅಂತ ಕೇಳ್ತೀನಿ. 'ಓ' ಅಂದ್ರೆ ಕೇಳಿಸ್ತು ಅಂತ ಅಷ್ಟೇ, ತಲುಪ್ತು ಅಂತ ಅಲ್ಲ. ಬಿದ್ದಿದ್ದು ಬಿದ್ದ ಹಾಗೇ ದಾಖಲಾಗ್ಬೇಕು. ಯಾವ ಹೊತ್ತಲ್ಲಿ ಬೀಳುತ್ತೆ ಅಂತ ಎರಡೂ ಕಡೆಯ ಲೆಕ್ಕ ಪಕ್ಕಪಕ್ಕ ಇಟ್ಟು ನೋಡ್ಬೇಕು. ನಮ್ಮ ಗಾಣ ಎಲ್ಲಿದೆ ಅಂತ ಸಿಕ್ಕೇ ಸಿಗುತ್ತೆ."

"ಸಿಗುತ್ತೆ," ಅಂದರು ವನಮಾಲಮ್ಮ.

"ಸಿಕ್ಕಿದ್ರೆ ಮುಗೀತಲ್ವಾ?"

"ಅವರೂ ಗಾಣಕ್ಕೆ ಎಣ್ಣೆ ಹಾಕಿದ್ರು."

ಮಂಟೇಶ ತಲೆ ಕೆರೆದುಕೊಂಡ. "ಅದು ಸರಿ. ಆದ್ರೆ ನಮ್ಮಲ್ಲಿ ಅಂಬಿಗ ಅಂತ ಯಾರಿದ್ದಾರೆ? ಸರ್ವರಿಗೆ ಅವಮಾನ ಆಗಲ್ವಲ್ಲ ಟೀಚರಮ್ಮ. ನಾವು ಎಷ್ಟು ನಕ್ರೂ ಅದು ಮುನಿಸ್ಕೊಳ್ಳಲ್ಲ."

ವನಮಾಲಮ್ಮ ಲ್ಯಾಪ್‌ಟಾಪ್ ತೆರೆದರು. ಕೂಗು ಬಳಸೋರು ತಮ್ಮ ತೊಂದರೆ ಬರೆಯೋ ಪುಟಕ್ಕೆ ಹೋದರು. ಕೆಳಗೆ ಕೆಳಗೆ ಸರಿಸಿ, ಮೂರು ತಿಂಗಳ ಹಿಂದಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕಾಡಂಚಿನ ಒಂದು ಸಣ್ಣ ಆಸ್ಪತ್ರೆಯ ನರ್ಸು ಬರೆದಿದ್ದಳು. ಅದಾದಮೇಲೆ ಅವಳು ಇನ್ನೊಂದು ಅಕ್ಷರ ಬರೆದಿರಲಿಲ್ಲ. ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದರು.

"ಕಳಿಸಿದ್ದು ಹೋಗ್ತಿಲ್ಲ ಅಂತ ಮೊಟ್ಟಮೊದಲು ಹೇಳಿದ ಈ ತಾಯಿಗೆ, ನಗೋ ಮುಖ ಹಾಕಿ 'ಮೊದ್ಲು ನಿಮ್ಮ ನೆಟ್ ರೀಚಾರ್ಜ್ ಮಾಡ್ಸಿ ಮೇಡಂ' ಅಂತ ಬರೆದು ದೂರು ಮುಚ್ಚಿದ್ದು ಯಾರು ಕಂದ?"

ಮಂಟೇಶ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು, ತಾನೇ ಮುಚ್ಚಿದ್ದ ಆ ದೂರನ್ನು ಮತ್ತೆ ತೆರೆದ.